ನೆಲ ಮುಟ್ಟಿದ ನೀಲಿ ದಾರ

ಆ ಊರಿನ ಮನೆಗಳಿಗೆ ಗೋಡೆ ಇತ್ತು, ಬಾಗಿಲಿತ್ತು, ಬಾಗಿಲಿಗೆ ಅಗಳಿಯೂ ಇತ್ತು. ಮಾಡು ಮಾತ್ರ ಇರಲಿಲ್ಲ. ಮಾಡಿನ ಬದಲು ಊರಿಗೆಲ್ಲ ಸೇರಿ ಒಂದು ಕೌದಿ ಇತ್ತು. ಕಂಬದಿಂದ ಕಂಬಕ್ಕೆ ಹಗ್ಗ ಬಿಗಿದು, ಹಗ್ಗದ ಮೇಲೆ ಹಾಸಿದ ಕೌದಿ. ಮೂಡಣದ ಅಗಸೆಬಾಗಿಲಿನಿಂದ ಪಡುವಣದ ಕುಂಬಾರಕಟ್ಟೆಯವರೆಗೆ ಒಂದೇ ಕೌದಿ. ಅದರಡಿಯಲ್ಲಿ ಊರು ಅಡುಗೆ ಮಾಡುತ್ತಿತ್ತು, ಜಗಳವಾಡುತ್ತಿತ್ತು, ಮಧ್ಯಾಹ್ನವಾದರೆ ಚಾಪೆ ಹಾಸಿಕೊಂಡು ಮಲಗುತ್ತಿತ್ತು. ಮಲಗದೆ ವಿಧಿಯಿರಲಿಲ್ಲ. ಅಲ್ಲಿಯ ಸೂರ್ಯನಿಗೆ ಊರಿನ ಮೇಲೆ ಏನು ಹಳೆಯ ಸಿಟ್ಟಿತ್ತೋ, ನೆತ್ತಿಗೆ ಬಂದನೆಂದರೆ ಒರಳು ಕಲ್ಲು ಸಹ ಬೆವರುತ್ತಿತ್ತು.

ಕೌದಿಯನ್ನು ಯಾರು ಬೇಕಾದರೂ ಹೊಲಿಯಬಹುದಿತ್ತು. ಹಳೆಯ ಸೀರೆಯ ಸೆರಗು, ಪಂಚೆಯ ತುಂಡು, ಬೆಳೆದ ಮಗುವಿನ ಕುಲಾಯಿ, ಯಾರಲ್ಲಿ ಏನಿತ್ತೋ ಅದನ್ನು ತಂದು, ಏಣಿ ಹತ್ತಿ, ತೇಪೆ ಹಚ್ಚಿ ಇಳಿಯುವುದು. ಇದು ನನ್ನದು ಅಂತ ಯಾರೂ ಅನ್ನುವಂತಿರಲಿಲ್ಲ. ಇದು ನನ್ನದಲ್ಲ ಅಂತಲೂ ಯಾರೂ ಅನ್ನುವಂತಿರಲಿಲ್ಲ.

ಅಷ್ಟು ದೊಡ್ಡ ಬಟ್ಟೆ ಅಂದಮೇಲೆ ತೂತು ಬೀಳದೆ ಇರುತ್ತದೆಯೆ? ಅದಕ್ಕೊಂದು ಕಟ್ಟಳೆ ಇತ್ತು. ಯಾರ ಮೈಮೇಲೆ ಬಿಸಿಲು ಬೀಳುತ್ತದೋ ಅವರು ಒಂದು ದಾರ ತರಬೇಕು. ದಾರದ ತುದಿಗೆ ಜಾಲಿಮುಳ್ಳು ಕಟ್ಟಿ, ಕವೆಗೋಲಿನಿಂದ ಎತ್ತಿ, ತೂತಿನ ಪಕ್ಕದಲ್ಲಿ ಚುಚ್ಚಬೇಕು. ದಾರ ಇಳಿಬಿದ್ದಿರುತ್ತದೆ, ಹೊಲಿಯುವವರು ಅದನ್ನು ನೋಡಿ ಏಣಿ ಹತ್ತುತ್ತಾರೆ. ಹೊಲಿದವರು ಆ ದಾರವನ್ನು ಕೀಳುವಂತಿಲ್ಲ. ಕಟ್ಟಿದವರೇ ಬಂದು, ಇಲ್ಲವೇ ಅದೇ ಜಾಗದಲ್ಲಿ ಅದೇ ಬಿಸಿಲನ್ನು ಕಂಡ ಇನ್ನೊಬ್ಬರು ಬಂದು, "ನೆರಳು ಬಂತು" ಎಂದು ಬಾಯಿಬಿಟ್ಟು ಹೇಳಿ ದಾರವನ್ನು ಎಳೆದುಕೊಳ್ಳಬೇಕು. ಹೊಲಿದವರಿಗೆ ಸಿಗುತ್ತಿದ್ದುದು ಆ ಎರಡು ಮಾತು. ಊಟವಲ್ಲ, ಶಾಲಲ್ಲ, ಹಾರವಲ್ಲ. ಆ ಎರಡು ಮಾತಿಗಾಗಿ ಜನ ಬಿಸಿಲಿಗೆ ಬೆನ್ನು ಕೊಟ್ಟು ಸುಟ್ಟುಕೊಳ್ಳುತ್ತಿದ್ದರು. ಹುಚ್ಚು ಅನ್ನಬಹುದು. ಆದರೆ ಕೌದಿ ನಿಂತಿದ್ದದ್ದು ಆ ಹುಚ್ಚಿನ ಮೇಲೆ, ಕಂಬಗಳ ಮೇಲಲ್ಲ.

ಇನ್ನೂ ಒಂದು ಮಾತಿತ್ತು. ದಾರ ತೂಗುತ್ತಿರುವವರೆಗೆ, ಅದನ್ನು ಕಟ್ಟಿದವರ ಚಾಪೆಯ ಜಾಗ ಅವರದೇ. ಎಲ್ಲಿಗೇ ಹೋಗಲಿ, ಎಷ್ಟು ಕಾಲವೇ ಆಗಲಿ, ಅಲ್ಲಿ ಬೇರೆಯವರು ಚಾಪೆ ಹಾಸುವಂತಿಲ್ಲ. ದಾರ ಹೋಯಿತೆಂದರೆ ಜಾಗವೂ ಹೋಯಿತು. ಊರವರಿಗೆ ಇದು ದೊಡ್ಡ ಮಾತಲ್ಲ, ಅವರಿಗೆ ಗೋಡೆಗಳಿದ್ದವು. ದಾರಿಹೋಕರಿಗೆ ಮಾತ್ರ ಆ ಊರಿನ ಜೊತೆ ಇದ್ದ ನೆಂಟಸ್ತಿಕೆ ಎಂದರೆ ಅದೊಂದೇ ಎಳೆ.

ಈ ದಾರಗಳನ್ನೆಲ್ಲ ಕಾಯಲು ಒಬ್ಬಳಿದ್ದಳು. ಅವಳನ್ನು ಎಲ್ಲರೂ ದಾರದವಳು ಎನ್ನುತ್ತಿದ್ದರು. ನಡುವಯಸ್ಸು, ನೆಟ್ಟಗಿನ ಬೆನ್ನು, ತುಟಿಯ ಒಂದು ಮೂಲೆಯಲ್ಲಿ ಯಾವಾಗಲೂ ಅರ್ಧಕ್ಕೆ ನಿಲ್ಲಿಸಿದ ನಗು. ಸಂಜೆಯ ಬಿಸಿಲು ಕೆಂಪಗಾದಾಗ ಅವಳು ಅಗಸೆಯಿಂದ ಹೊರಟು, ಒಂದೊಂದೇ ದಾರವನ್ನು ಬೆರಳಲ್ಲಿ ಹಿಡಿದು ಕೇಳುತ್ತಿದ್ದಳು:

"ನೆರಳು ಬಂತೇ?"

ಗೋಡೆಯ ಆಚೆಯಿಂದ, ಒಲೆಯ ಮುಂದಿನಿಂದ, ತೊಟ್ಟಿಲ ಪಕ್ಕದಿಂದ ಉತ್ತರ ಬರುತ್ತಿತ್ತು: "ಇನ್ನೂ ಇಲ್ಲ."

ಮುಂದಿನ ದಾರ. ನೆರಳು ಬಂತೇ? ಇನ್ನೂ ಇಲ್ಲ. ಮುಂದಿನ ದಾರ. ನೆರಳು ಬಂತೇ? ಬಂತು ತಾಯಿ, ಎಂದೋ ಬಂತು, ಹೇಳೋದು ಮರೆತಿದ್ದೆ. ಅಂಥವರನ್ನು ಅವಳು ಒಮ್ಮೆ ನೋಡುತ್ತಿದ್ದಳು. ಆ ಒಂದು ನೋಟಕ್ಕೆ ಅವರು ಎದ್ದು ಓಡಿಬಂದು, ಹೊಲಿದವರ ಬಾಗಿಲಿಗೆ ಹೋಗಿ ಹೇಳಿಬರುತ್ತಿದ್ದರು.

ಮೊದಮೊದಲು ದಾರಗಳು ಕಡಿಮೆ ಇದ್ದವಂತೆ. ಅವಳ ಕಾಲಕ್ಕೆ ಊರೊಳಗೆ ನಡೆಯುವುದೆಂದರೆ ಜೋಳದ ಹೊಲದೊಳಗೆ ನಡೆದ ಹಾಗೆ. ಎರಡು ಕೈಯಿಂದ ಸರಿಸಿಕೊಂಡು ಮುಖ ಹೊರಗೆ ಹಾಕಬೇಕು. ಒಂದೇ ತೂತಿಗೆ ಇಡೀ ಓಣಿಯವರು ಬೇರೆ ಬೇರೆ ದಾರ ಕಟ್ಟುತ್ತಿದ್ದರು, ಪಕ್ಕದವಳು ಕಟ್ಟಿದ್ದಾಳೆ ಎಂದರೆ ಇವಳಿಗೆ ಸಮಾಧಾನವಿಲ್ಲ. ಅವನ್ನೆಲ್ಲ ದಾರದವಳು ಜಡೆ ಹೆಣೆದು ಒಂದು ಮಾಡುತ್ತಿದ್ದಳು. ಒಬ್ಬ ಗೃಹಸ್ಥ ತನ್ನ ಅಂಗಳದ ನಡುವೆ ದಾರ ಕಟ್ಟಿ, ತೂತೆಲ್ಲಿದೆ ಎಂದರೆ, ತೂತಿಲ್ಲ, ಇಲ್ಲೊಂದು ನವಿಲಿನ ತೇಪೆ ಇದ್ದರೆ ಚಂದ ಎಂದು ಹೇಳಿ ಒಳಗೆ ಹೋದ. ಇನ್ನೊಬ್ಬಳು ಅಗಸೆಯ ಕಂಬಕ್ಕೇ ದಾರ ಸುತ್ತಿ, ಕೌದಿಯೇ ಸರಿಯಿಲ್ಲ ಎಂದಳು. ಎಲ್ಲಿ ಸರಿಯಿಲ್ಲ ಎಂದು ದಾರದವಳು ಕೇಳಿದ್ದಕ್ಕೆ, ಅದನ್ನು ನೋಡುವುದು ನಿನ್ನ ಕೆಲಸವಲ್ಲವೇ ಎಂದಳು. ಕೆಲವು ಹೊಲಿಯುವವರು ಉತ್ಸಾಹದಿಂದ ಬಂದು, ಇದನ್ನು ನಾನು ಹೊಲಿಯುತ್ತೇನೆ ಎಂದು ತಮ್ಮ ಅಂಗಿಯ ಚೂರೊಂದನ್ನು ದಾರಕ್ಕೆ ಕಟ್ಟಿ ಹೋದವರು, ಮದುವೆಯಾಗಿ, ಮಕ್ಕಳಾಗಿ, ತಲೆ ನರೆತರೂ ಏಣಿಯ ಕಡೆ ಬರಲಿಲ್ಲ. ಅವರ ಚೂರು ಇರುವವರೆಗೆ ಬೇರೆಯವರೂ ಮುಟ್ಟಲಿಲ್ಲ. ದಾರದವಳು ಅಂಥವರ ಮನೆಗೆ ಹೋಗಿ ಬೆಲ್ಲ ನೀರು ಕುಡಿದು, ಚೂರು ಬಿಚ್ಚಲೇ ಎಂದು ಮೆಲ್ಲಗೆ ಕೇಳಿ ಬಿಚ್ಚಿಕೊಂಡು ಬರುತ್ತಿದ್ದಳು.

ಏಣಿ ಹತ್ತಿ ನೋಡಿದವರು ದಾರದ ಮೇಲೆ ಒಂದು ಗಂಟು ಹಾಕಬೇಕಿತ್ತು. ತೂತು ಕಂಡರೆ ಕಂಡ ಗಂಟು. ಅದು ಸಡಿಲ, ಕುಣಿಕೆಯ ಹಾಗೆ, ಎಳೆದರೆ ಬಿಚ್ಚುತ್ತದೆ. ಕಾಣದಿದ್ದರೆ ಕಾಣದ ಗಂಟು. ಅದು ಕಲ್ಲಿನ ಹಾಗೆ, ಉಗುರು ಮುರಿದರೂ ಬಿಚ್ಚುವುದಿಲ್ಲ. ಕತ್ತಲಲ್ಲೂ ಬೆರಳಿಗೆ ಯಾವುದು ಯಾವುದೆಂದು ಗೊತ್ತಾಗಬೇಕು, ಅದಕ್ಕೆ ಹಾಗೆ.

ಕಾಣದ ಗಂಟು ಹಾಕುವುದರಲ್ಲಿ ಏಣಿಯವನನ್ನು ಮೀರಿಸಿದವರಿರಲಿಲ್ಲ. ಊರಿನ ಅತಿ ಎತ್ತರದ ಏಣಿ ಅವನದು, ಅತಿ ಸಣ್ಣ ಹೊಲಿಗೆಯೂ ಅವನದೇ. ಅವನು ಸೇರಿಸಿದ ಎರಡು ಬಟ್ಟೆಗಳ ನಡುವೆ ಇರುವೆಗೂ ದಾರಿ ಸಿಗುವುದಿಲ್ಲ ಎಂದು ಜನ ಹೇಳುತ್ತಿದ್ದರು. ಅದನ್ನು ಮೊದಲು ಹೇಳಿದವನೂ ಅವನೇ ಇರಬಹುದು. ಏಣಿ ಹತ್ತಿ, ಕೌದಿಗೆ ಮೂಗು ತಾಗಿಸಿ ನೋಡಿ, ಇಳಿದು, ಗಂಟು ಬಿಗಿದು, ಕೈ ಜಾಡಿಸಿಕೊಳ್ಳುತ್ತಿದ್ದ. "ನನ್ನ ಏಣಿ ಮ್ಯಾಲಿಂದ ಎಲ್ಲಾ ಚಂದ ಐತಿ," ಅನ್ನುತ್ತಿದ್ದ. ಕೆಳಗೆ ಮಲಗಿದವನ ಬೆನ್ನಿನಲ್ಲಿ ಸುಟ್ಟ ಗುಳ್ಳೆ ಎದ್ದಿರುತ್ತಿತ್ತು.

ದಾರಿಹೋಕ ಬಂದದ್ದು ಪಡುವಣ ಗಾಳಿಯ ಕೊನೆಯ ದಿನಗಳಲ್ಲಿ. ಒಂದು ಬಟ್ಟೆಗಂಟು, ಒಂದು ಚಾಪೆ. ಬೆರಳುಗಳ ತುದಿ ನೀಲಿ. ಎಲ್ಲಿಯೋ ಬಣ್ಣ ಅದ್ದುವ ಕೆಲಸ ಮಾಡಿದ್ದವನು. ಕುಂಬಾರಕಟ್ಟೆಯ ಮೂಲೆಯಲ್ಲಿ ಚಾಪೆ ಹಾಸಿದ. ಮೂರನೆಯ ಮಧ್ಯಾಹ್ನವೋ ನಾಲ್ಕನೆಯದೋ, ದಾರದವಳ ಹತ್ತಿರ ಬಂದು, ತನ್ನ ಬಟ್ಟೆಗಂಟಿನಿಂದ ಒಂದು ನೀಲಿ ದಾರ ತೆಗೆದುಕೊಟ್ಟ. ಆ ಊರಿನಲ್ಲಿ ಅಂಥ ನೀಲಿ ಇರಲಿಲ್ಲ.

ಎಡಗಣ್ಣಿನ ಮೇಲೆ ಬಿಸಿಲು ಬೀಳುತ್ತದೆ ಎಂದ. ರೆಪ್ಪೆ ಬಡಿಯುವಷ್ಟರಲ್ಲಿ ಬಂದು ಹೋಗುತ್ತದೆ ಎಂದ.

ಅವಳು ಕವೆಗೋಲಿನಿಂದ ದಾರ ಎತ್ತಿ, ಅವನು ತೋರಿಸಿದಲ್ಲಿ ಮುಳ್ಳು ಚುಚ್ಚಿದಳು. ದಾರ ವಿಪರೀತ ಉದ್ದವಿತ್ತು. ಎಲ್ಲರ ದಾರ ನಿಂತವರ ಕೈಗೆ ಸಿಗುವಷ್ಟಿದ್ದರೆ ಇವನದು ನೆಲಕ್ಕೆ ಬಿದ್ದು ಸುರುಳಿಯಾಯಿತು. ನಡೆಯುವವರ ಕಾಲಿಗೆ ತೊಡರಬಾರದೆಂದು ಹೆಚ್ಚಿನದನ್ನು ಅವಳೇ ಪಕ್ಕದ ಕಂಬಕ್ಕೆ ಸುತ್ತಿದಳು. ಪರದೇಶಿಗೆ ದಾರದ ಬೆಲೆ ಗೊತ್ತಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಏಣಿಯವನು ಬಂದ. ಪಕ್ಕದ ಹಗ್ಗಕ್ಕೆ ಏಣಿ ಆನಿಸಿ ಹತ್ತಿದ. ಅದು ಅವನದೇ ಹೊಲಿಗೆ, ಎರಡು ದೊಡ್ಡ ಬಟ್ಟೆಗಳು ಕೂಡುವ ಜಾಗ. ಮೂಗು ತಾಗಿಸಿ ನೋಡಿದ. ಇಳಿದ. ಗಂಟು ಬಿಗಿದ. ಮರುದಿನವೂ ಅವಳು ಕರೆದಳು, ಅವನು ಹತ್ತಿದ, ಇಳಿದ, ಮತ್ತೊಂದು ಗಂಟು. "ಅವನ ಕಣ್ಣಿಗೆ ಏನರ ಆಗಿರಬೇಕು. ಕಣ್ಣಿಗೆ ತೇಪಿ ಹಚ್ಚಾಕ ನನಗ ಬರೂದಿಲ್ಲ," ಎಂದ.

ದಾರಿಹೋಕ ಸಿಟ್ಟಾಗಲಿಲ್ಲ. ಶೇಂಗಾ ಸುಲಿಯುತ್ತ ಕುಳಿತಿದ್ದವನು ಒಂದು ಹಿಡಿ ದಾರದವಳ ಕೈಗೆ ಹಾಕಿದ. ಆಮೇಲೆ ಅವಳು ದಿನವೂ ಮಧ್ಯಾಹ್ನ, ಊರು ಮಲಗಿದ ಮೇಲೆ, ಆ ಕಡೆ ಹೋಗತೊಡಗಿದಳು. ದಾರದ ವಿಚಾರಣೆಗೆ ಎಂದೇ ಹೋಗುತ್ತಿದ್ದಳು. ಚಾಪೆಯ ಪಕ್ಕ ನಿಂತು, ಬಗ್ಗಿ, ಅವನ ಮುಖ ನೋಡುವಳು. ಬಿಸಿಲು ಬೀಳುತ್ತಿರಲಿಲ್ಲ. ಗಾಳಿ ಬೀಸುವುದು, ಅವನು ಕಣ್ಣು ತೆರೆದು ಮಲಗಿರುವನು, ಅವಳು ಬಗ್ಗಿ ನಿಂತಿರುವಳು, ಬಿಸಿಲು ಬೀಳುತ್ತಿರಲಿಲ್ಲ.

"ನೀವು ಬಂದು ನಿಂತಾಗ ಬೀಳೂದಿಲ್ಲ," ಎಂದ ಅವನು ಒಂದು ದಿನ.

ಅವಳ ಕಿವಿ ಬಿಸಿಯಾಯಿತು. ಇಂಥ ಮಾತು ಆಡುವ ಗಂಡಸರನ್ನು ಅವಳು ಕಂಡಿಲ್ಲದೆ ಇರಲಿಲ್ಲ. ಬಾಯಿಗೆ ಬಂದ ಉತ್ತರ ಚೂಪಾಗಿಯೇ ಇತ್ತು. ಆದರೆ ಅವನ ಮುಖದಲ್ಲಿ ತುಂಟತನವಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ ಸುಮ್ಮನೆಯ ಮುಖವದು.

"ನಿಂತರ ಕಾಣೂದಿಲ್ಲ. ಒಂದ್ಸಲ ಇಲ್ಲಿ ಮಲಗಿ ನೋಡ್ರಿ," ಎಂದು ಎದ್ದು ಚಾಪೆ ಬಿಟ್ಟುಕೊಟ್ಟ.

"ನಾನು ಮಲಗಿದರ ದಾರ ಕಾಯೋರು ಯಾರು?" ಎಂದು ಅವಳು ನಕ್ಕಳು. ಊರಿಗೂರೇ ಅವಳ ನೆಟ್ಟಗಿನ ಬೆನ್ನನ್ನು ನೋಡಿತ್ತು. ಅವಳು ನಡುಹಗಲಲ್ಲಿ ಪರದೇಶಿಯ ಚಾಪೆಯ ಮೇಲೆ ಮಲಗುವುದೇ?

ಅವನು ತಲೆಯಾಡಿಸಿದ. ಮತ್ತೆ ಕುಳಿತು ಶೇಂಗಾ ಸುಲಿಯುತ್ತ, ಊರಿನಲ್ಲಿ ಇಷ್ಟು ದಾರಗಳಿವೆಯಲ್ಲ, ಇದರಲ್ಲಿ ನಿಮ್ಮ ದಾರ ಯಾವುದು ಎಂದು ಕೇಳಿದ.

ಅವಳಿಗೆ ದಾರವೇ ಇರಲಿಲ್ಲ. ಯಾರೂ ಕೇಳಿರಲಿಲ್ಲವಾಗಿ ಅದು ಅವಳಿಗೆ ಆ ದಿನದವರೆಗೆ ಗೊತ್ತೂ ಇರಲಿಲ್ಲ.

ಕೆಲವು ದಿನಕ್ಕೆ ಗಾಳಿ ನಿಂತಿತು. ಗಾಳಿ ನಿಂತ ಮರುದಿನ ಕುಂಬಾರಕಟ್ಟೆಯ ಮೂಲೆಯಲ್ಲಿ ಚಾಪೆ ಸುತ್ತಿ ಗೋಡೆಗೆ ಒರಗಿಸಿತ್ತು, ಮನುಷ್ಯ ಇರಲಿಲ್ಲ. ಚಾಪೆ ಬಿಟ್ಟುಹೋದವನು ಮರಳಿ ಬರುತ್ತಾನೆ ಎಂದು ಒಬ್ಬರೆಂದರು. ಚಾಪೆಯೂ ಬೇಡವೆಂದು ಹೋದವನು ಇನ್ನೇನು ಬರುತ್ತಾನೆ ಎಂದು ಇನ್ನೊಬ್ಬರೆಂದರು. ದಾರದವಳು ಎರಡನ್ನೂ ಕೇಳಿಸಿಕೊಂಡಳು.

ಅಂದಿನಿಂದ ಸಂಜೆಯ ಸುತ್ತು ಕುಂಬಾರಕಟ್ಟೆಯಲ್ಲಿ ಮುಗಿಯತೊಡಗಿತು. ಎಲ್ಲ ದಾರಗಳನ್ನೂ ಕೇಳಿದ ಮೇಲೆ ಅವಳು ನೀಲಿ ದಾರವನ್ನು ಹಿಡಿಯುತ್ತಿದ್ದಳು. ನೆರಳು ಬಂತೇ? ಉತ್ತರವಿಲ್ಲ. ಬೇರೆ ದಾರಗಳ ಹತ್ತಿರ ಉತ್ತರ ಬಾರದಿದ್ದರೆ ಮುಂದಕ್ಕೆ ಹೋಗುತ್ತಿದ್ದಳು. ಇಲ್ಲಿ ಮುಂದೆ ದಾರವೇ ಇರಲಿಲ್ಲವಾಗಿ ನಿಲ್ಲುತ್ತಿದ್ದಳು. ಒಲೆಗಳು ಹೊತ್ತಿಕೊಳ್ಳುವವರೆಗೆ ನಿಲ್ಲುತ್ತಿದ್ದಳು. ಸುತ್ತಿನ ಕೊನೆಗೆ ಅದನ್ನು ಇಟ್ಟುಕೊಂಡದ್ದು ಅವಳೇ ಎಂಬುದನ್ನು ಊರು ಗಮನಿಸಿತ್ತು. ಊರು ಏನನ್ನು ತಾನೇ ಗಮನಿಸುವುದಿಲ್ಲ.

ಗಾಳಿಯ ಕಾಲಗಳು ಬಂದವು, ಹೋದವು. ಗಾಳಿ ಬಂದಾಗಲೆಲ್ಲ ದಾರಗಳು ಒಂದಕ್ಕೊಂದು ಸಿಕ್ಕಿಕೊಂಡು ಕೌದಿಯನ್ನು ಜಗ್ಗುತ್ತಿದ್ದವು. ಒಂದು ವರ್ಷ ಅಗಸೆಯ ಹತ್ತಿರ ಹಗ್ಗವೇ ಹರಿದು ಒಂದು ಓಣಿ ಇಡೀ ದಿನ ಬಿಸಿಲಲ್ಲಿ ಬೆಂದಿತು. ಆಗ ಏಣಿಯವನು ಮೊದಲ ತೇಪೆಯ ಅಜ್ಜಿಯ ಹತ್ತಿರ ಹೋದ. ಈ ಅಜ್ಜಿ ಕೌದಿಗೆ ಮೊಟ್ಟಮೊದಲ ಬಟ್ಟೆ ಕೊಟ್ಟವಳು, ಅದು ಅವಳ ಗಂಡನ ರುಮಾಲು. ಅವನಂತೂ ನೆರಳಾಗಲಿಲ್ಲ, ರುಮಾಲಾದರೂ ಆಗಲಿ ಎಂದು ಹೊಲಿದೆ ಅನ್ನುತ್ತಿದ್ದಳು. ಈಗ ಕಣ್ಣು ಮಂಜಾಗಿತ್ತು. ಆದರೂ ಯಾವುದೇ ತಕರಾರಿನ ಕೊನೆಯ ಮಾತು ಅವಳದು.

ಕಾಣದ ಗಂಟು ಬಿದ್ದ ದಾರಗಳನ್ನೆಲ್ಲ ಕುಡುಗೋಲಿನಿಂದ ಕೊಯ್ದುಬಿಡೋಣ ಎಂದ ಏಣಿಯವನು. ಇಲ್ಲದ ತೂತುಗಳ ಭಾರಕ್ಕೆ ಇರುವ ಕೌದಿ ಹರಿಯುತ್ತಿದೆ ಎಂದ. ಮಾತು ಸುಳ್ಳಾಗಿರಲಿಲ್ಲ. ಗಾಳಿ ಏಳುವ ದಿನ ಕೊಯ್ಯಿರಿ ಎಂದು ಅಜ್ಜಿ ಒಪ್ಪಿದಳು.

ದಾರದವಳು ಅಜ್ಜಿಯ ಹೊಸಿಲಲ್ಲಿ ಹೋಗಿ ಕುಳಿತಳು. ನೀಲಿ ದಾರವೊಂದನ್ನು ಬಿಡಬಹುದಲ್ಲ ಎಂದಳು. ಅಜ್ಜಿ ಅವಳ ಕೈ ಹುಡುಕಿ ಹಿಡಿದುಕೊಂಡಳು.

"ಆ ಬಿಸಿಲು ಯಾರರ ಕಂಡಾರೇನವಾ? ನೀನು ಕಂಡೀಯೇನು?"

"ಇಲ್ಲ."

"ಮತ್ತ ಒಬ್ಬನ ದಾರ ಬಿಟ್ಟು ಉಳಿದವರದ್ದು ಕೊಯ್ಯಂದರ, ನಾಳೆ ಯಾರು ದಾರ ಕಟ್ಟತಾರ? ಯಾರು ಏಣಿ ಹತ್ತತಾರ?"

ದಾರದವಳು ಕೈ ಬಿಡಿಸಿಕೊಂಡು ಎದ್ದಳು. ದಾರಿಯಲ್ಲಿ ಏಣಿಯವನು ಸಿಕ್ಕ. ಇನ್ನೊಮ್ಮೆ ಹತ್ತಿ ನೋಡಿ ಎಂದು ಕೇಳಿದಳು. ಅವಳು ಯಾರನ್ನೂ ಎರಡು ಸಲ ಕೇಳುವವಳಲ್ಲ, ಅವನಿಗೂ ಅದು ಗೊತ್ತಿತ್ತು. ಕುಡುಗೋಲು ಮಸೆಯುತ್ತಿದ್ದವನು ತಲೆ ಎತ್ತಲಿಲ್ಲ.

"ನೀವು ಕಾಯಾಕತ್ತಿದ್ದು ದಾರ ಅಲ್ಲ ಬಿಡ್ರಿ," ಎಂದ. ಅದರಲ್ಲಿ ಚುಚ್ಚು ಇತ್ತು, ಚುಚ್ಚಿನ ಹಿಂದೆ ಇನ್ನೇನೋ ಇತ್ತು. ಅವಳಿಗೆ ಆಗ ಅದನ್ನು ನೋಡುವ ಪುರುಸೊತ್ತಿರಲಿಲ್ಲ.

ಗಾಳಿ ಏಳುವ ದಿನ ಹತ್ತಿರವಾಯಿತು. ಹೇಗೂ ಹೋಗುವ ದಾರ, ಒಮ್ಮೆ ಪೂರ್ತಿ ನೋಡೋಣ ಎಂದು ಅವಳು ಕಂಬಕ್ಕೆ ತಾನೇ ಸುತ್ತಿದ್ದ ಸುರುಳಿಯನ್ನು ಬಿಚ್ಚಿದಳು. ಬಿಸಿಲು ತಾಗದ ಒಳಸುತ್ತುಗಳಲ್ಲಿ ನೀಲಿ ಹೊಸದಾಗಿಯೇ ಇತ್ತು. ದಾರ ಕೈಜಾರಿ ಇಳಿದು, ಅವನ ಚಾಪೆಯ ಜಾಗದ ಬಳಿ, ನೆಲ ಮುಟ್ಟಿ ನಿಂತಿತು. ಅವಳು ಅದನ್ನು ನೋಡುತ್ತ ನಿಂತಳು. ನಿಂತವರ ಕೈಗೆ ಸಿಗಲಿ ಎಂದು ಅವನು ಅದನ್ನು ಕತ್ತರಿಸಿರಲಿಲ್ಲ. ಮಲಗಿದವರ ಕೈಗೆ ಸಿಗಲಿ ಎಂದು ಕತ್ತರಿಸಿದ್ದ. ಹೇಳಬೇಕಾದ್ದನ್ನೆಲ್ಲ ಅವನು ಮೊದಲ ದಿನವೇ ದಾರದಲ್ಲಿ ಹೇಳಿಯಾಗಿತ್ತು. ಕಾಲಿಗೆ ತೊಡರುತ್ತದೆ ಎಂದು ಅವಳು ಆ ಮಾತನ್ನು ಕಂಬಕ್ಕೆ ಸುತ್ತಿಟ್ಟಿದ್ದಳು.

ಮಧ್ಯಾಹ್ನ ಊರು ಮಲಗಿದ ಮೇಲೆ ಅವಳು ಗೋಡೆಗೆ ಒರಗಿಸಿದ್ದ ಚಾಪೆಯ ಧೂಳು ಕೊಡವಿ, ಹಾಸಿ, ಮಲಗಿದಳು. ನೆಟ್ಟಗಿನ ಬೆನ್ನು ನೆಲಕ್ಕೆ ತಾಗಿದಾಗ ಅಷ್ಟು ವರ್ಷಗಳ ಸಂಜೆಗಳು ಒಟ್ಟಿಗೇ ನೋಯತೊಡಗಿದವು. ದಾರದ ತುದಿ ಅಂಗೈಗೆ ಬಂತು. ಕೌದಿಯನ್ನು ಕೆಳಗಿನಿಂದ ಅಷ್ಟು ಹೊತ್ತು ಅವಳು ಎಂದೂ ನೋಡಿರಲಿಲ್ಲ. ಯಾರದೋ ಸೀರೆಯ ಅಂಚು, ಯಾರದೋ ಕಸೂತಿ, ಎಲ್ಲವೂ ಬೆಳಕಿಗೆ ಎದುರಾಗಿ ಎಲೆಯ ನರಗಳ ಹಾಗೆ ಕಾಣುತ್ತಿದ್ದವು. ಇದನ್ನೆಲ್ಲ ಅವನು ದಿನವೂ ನೋಡುತ್ತಿದ್ದ. ಬಿಸಿಲು ಮಾತ್ರ ಬೀಳಲಿಲ್ಲ. ಮರುದಿನ ಮಲಗಿದಳು. ಬೀಳಲಿಲ್ಲ. ಅದರ ಮರುದಿನವೂ. ಗಾಳಿ ಇರಲಿಲ್ಲ, ಎಲೆ ಅಲುಗುತ್ತಿರಲಿಲ್ಲ.

ಗಾಳಿ ಎದ್ದದ್ದು ಕೊಯ್ಲಿನ ದಿನವೇ. ಎದ್ದರೆ ಕೊಯ್ಲು, ಕೊಯ್ಲೆಂದರೆ ಗಾಳಿ. ಬೆಳಿಗ್ಗೆಯಿಂದ ಅಗಸೆಯ ಕಡೆಯಿಂದ ಕುಡುಗೋಲುಗಳು ಬರುತ್ತಿದ್ದವು. ದಾರಗಳು ಬೀಳುವ ಸದ್ದಿಲ್ಲ, ಆದರೆ ಓಣಿಗಳಲ್ಲಿ ಬೆಳಕಿನ ಬಣ್ಣ ಬದಲಾಗುತ್ತಿತ್ತು. ನಡುಹಗಲಿಗೆ ಏಣಿಯವನು ತನ್ನ ಮಂದಿಯೊಡನೆ ಕುಂಬಾರಕಟ್ಟೆ ಮುಟ್ಟಿದಾಗ ದಾರದವಳು ಪರದೇಶಿಯ ಚಾಪೆಯ ಮೇಲೆ ಅಂಗಾತ ಮಲಗಿದ್ದಳು, ಕಣ್ಣು ತೆರೆದುಕೊಂಡು, ದಾರದ ತುದಿ ಬೆರಳಿಗೆ ಸುತ್ತಿಕೊಂಡು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಒಬ್ಬ ಮುದುಕ ಅವಳಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದ, ಬೇರೆ ಯಾವ ಅರ್ಥವೂ ಅವನಿಗೆ ಸಭ್ಯವಾಗಿ ತೋಚಲಿಲ್ಲ.

"ಏಳ್ರಿ," ಎಂದ ಏಣಿಯವನು ಮೆಲ್ಲಗೆ.

ಅವಳು ಏಳಲಿಲ್ಲ. ಪಡುವಣದಿಂದ ಗಾಳಿ ಬೀಸಿತು. ಕೌದಿ ಉಸಿರೆಳೆದುಕೊಂಡಂತೆ ಉಬ್ಬಿತು. ಏಣಿಯವನ ಇರುವೆ ತೂರದ ಹೊಲಿಗೆಯಲ್ಲಿ ಎರಡು ಬಟ್ಟೆಗಳು ತುಟಿಗಳ ಹಾಗೆ ಬಿಚ್ಚಿಕೊಂಡವು, ಒಂದು ರೆಪ್ಪೆ ಬಡಿಯುವಷ್ಟು. ಬಿಸಿಲು ನೇರ ಬಂದು ಅವಳ ಎಡಗಣ್ಣಿನ ಮೇಲೆ ಬಿತ್ತು.

ಅವಳು ಕೂಗಲಿಲ್ಲ. ಕಣ್ಣಿನಲ್ಲಿ ನೀರು ತುಂಬಿತು. ಬಿಸಿಲಿಗೆ ತುಂಬಿತು ಎನ್ನೋಣ.

"ಬಿತ್ತು," ಎಂದಳು.

ಏಣಿಯವನು ಒಂದು ಕ್ಷಣವೂ ತಡ ಮಾಡದೆ ಪಕ್ಕದ ಹಗ್ಗಕ್ಕೆ ಏಣಿ ಆನಿಸಿದ. ಗಾಳಿ ಮತ್ತೆ ಬೀಸಿತು, ಕೌದಿ ಉಬ್ಬಿತು, ಹೊಲಿಗೆ ಬಿಚ್ಚಲಿಲ್ಲ. ಅವನು ಅರ್ಧ ಹತ್ತಿದ. ಬಿಚ್ಚಲಿಲ್ಲ. ಮೂಗು ತಾಗಿಸಿ ನೋಡಿ, ನೋಡಿದಿರಾ ಎಂಬಂತೆ ಕೆಳಗಿನವರ ಕಡೆ ತಿರುಗಿದ. ಮಲಗಿದಲ್ಲಿಂದಲೇ ಅವಳು ಎಲ್ಲವನ್ನೂ ನೋಡುತ್ತಿದ್ದಳು. ಅವನ ಭಾರಕ್ಕೆ ಹಗ್ಗ ಜಗ್ಗುತ್ತಿತ್ತು. ಹಗ್ಗ ಜಗ್ಗಿದರೆ ಬಟ್ಟೆ ಬಿಗಿಯುತ್ತಿತ್ತು. ಬಟ್ಟೆ ಬಿಗಿದರೆ ತುಟಿಗಳು ಮುಚ್ಚುತ್ತಿದ್ದವು. ತೂತು ನೋಡಲು ಏಣಿ ಇಟ್ಟರೆ ಏಣಿಯೇ ತೂತು ಮುಚ್ಚುತ್ತಿತ್ತು. ಇಷ್ಟು ವರ್ಷ ಅವನು ನೋಡಿದ್ದು ಕೌದಿಯನ್ನಲ್ಲ, ತಾನು ಹತ್ತಿದ ಕೌದಿಯನ್ನು. ಇನ್ನು ಅವಳು? ದಿನವೂ ಬಂದು ಚಾಪೆಯ ಪಕ್ಕ ಬಗ್ಗಿ ನಿಲ್ಲುತ್ತಿದ್ದಳಲ್ಲ. ಬಿಸಿಲು ಅವಳ ತಲೆಯ ಹಿಂಬದಿಗೆ ಬಿದ್ದು ಅಲ್ಲೇ ನಿಲ್ಲುತ್ತಿತ್ತು. ನೀವು ಬಂದು ನಿಂತಾಗ ಬೀಳೂದಿಲ್ಲ. ದಾರಿಹೋಕ ಹೇಳಿದ್ದು ನಿಜವಾಗಿತ್ತು, ಅಕ್ಷರಶಃ. ಆ ಹೊತ್ತಿನಲ್ಲಿ ಅವನ ನೆರಳು ಅವಳೇ ಆಗಿದ್ದಳು, ಅವಳಿಗೇ ಗೊತ್ತಿಲ್ಲದೆ.

"ಏಣಿ ತಗೀರಿ," ಎಂದಳು. "ಇಳಿದು ಇಲ್ಲಿ ಬಂದು ಮಲಗ್ರಿ."

ಏಣಿಯವನು ಸುತ್ತ ನೋಡಿದ. ಇಡೀ ಊರು ನಿಂತಿತ್ತು. ಊರು ಅವನನ್ನು ಯಾವಾಗಲೂ ಎತ್ತರದಲ್ಲಿಯೇ ಕಂಡಿತ್ತು. ಅವನು ಇಳಿದ, ಏಣಿ ತೆಗೆದ, ರುಮಾಲು ಬಿಚ್ಚಿ ಪಕ್ಕಕ್ಕಿಟ್ಟ, ಅವಳು ಬಿಟ್ಟುಕೊಟ್ಟ ಚಾಪೆಯ ಮೇಲೆ ಕಟ್ಟಿಗೆಯ ಹಾಗೆ ಬಿಗಿದುಕೊಂಡು ಮಲಗಿದ. ಯಾರೋ ಕಿಸಕ್ಕೆಂದರು. ಗಾಳಿಗಾಗಿ ಎಲ್ಲರೂ ಕಾದರು. ಗಾಳಿ ಬಂತು. ಬಿಸಿಲು ಅವನ ಎಡಗಣ್ಣಿನ ಮೇಲೆ ಬಿದ್ದು ಹೋಯಿತು.

ಅವನು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಮುಖ ಬೇರೆಯಾಗಿತ್ತು. ನೀಲಿ ದಾರ ಹಿಡಿದು ತನ್ನ ಕಾಣದ ಗಂಟುಗಳನ್ನು ಬಿಚ್ಚಲು ನೋಡಿದ; ಬಿಚ್ಚಲಿಲ್ಲ. ಅವುಗಳ ಕೆಳಗೆ ಒಂದು ಕಂಡ ಗಂಟು ಹಾಕಿದ. ಕುಡುಗೋಲಿನವರು ಒಬ್ಬರನ್ನೊಬ್ಬರು ನೋಡಿಕೊಂಡು, ಕುಡುಗೋಲುಗಳನ್ನು ಕಟ್ಟೆಯ ಮೇಲಿಟ್ಟರು.

ಹೊಲಿಯುವುದು ಸುಲಭವಾಗಲಿಲ್ಲ. ಅವನು ದೂರದ ಕಂಬದಿಂದ ಕೌದಿಯ ಮೇಲೆ ಹತ್ತಿ, ಪಕ್ಕದ ಹಗ್ಗಕ್ಕೆ ಭಾರ ಬೀಳದಂತೆ ಹೊಟ್ಟೆಯ ಮೇಲೆ ತೆವಳಿ ಬಂದ. ಅವಳು ಕೆಳಗೆ ಮಲಗಿ ಹೇಳಿದಳು. ಗಾಳಿ ಬಂದಾಗ, ಇಲ್ಲಿ ಎನ್ನುವಳು. ಅವನು ಒಂದು ಹೊಲಿಗೆ ಹಾಕುವನು. ಗಾಳಿ ಬಂದಾಗ, ಇನ್ನೊಂದು ಬೆರಳು ಎಡಕ್ಕೆ ಎನ್ನುವಳು. ಅವನು ಇನ್ನೊಂದು ಹೊಲಿಗೆ ಹಾಕುವನು. ಮೇಲಿನವನಿಗೆ ಬಿಸಿಲು, ಕೆಳಗಿನವಳಿಗೆ ಬೆಳಕು. ಅವಳ ಮುಖದ ಮೇಲೆ ಬೀಳುತ್ತಿದ್ದ ಬೆಳಕು ಹೊಲಿಗೆಯಿಂದ ಹೊಲಿಗೆಗೆ ಸಣ್ಣದಾಗುತ್ತ ಬಂತು. ಅಂಗೈಯಷ್ಟು, ಬಿಲ್ವದೆಲೆಯಷ್ಟು, ಅಕ್ಕಿಕಾಳಿನಷ್ಟು. ಅದನ್ನು ಮುಚ್ಚಲು ದಾರಿ ಹೇಳುತ್ತಿದ್ದವಳು ಅವಳೇ. ಕೊನೆಯ ಹೊಲಿಗೆಯ ಮೊದಲು ಅವಳು ಸ್ವಲ್ಪ ತಡ ಮಾಡಿದಳು. ಗಾಳಿ ಬಂದು ಹೋಯಿತು, ಅವಳು ಏನೂ ಹೇಳಲಿಲ್ಲ. ಮತ್ತೆ ಬಂದಾಗ ಹೇಳಿದಳು.

ಸಂಜೆ ಅವಳು ಅಗಸೆಯಿಂದ ಹೊರಟಳು. ಉಳಿದ ದಾರಗಳನ್ನು ಒಂದೊಂದೇ ಕೇಳಿದಳು. ನೆರಳು ಬಂತೇ? ಇನ್ನೂ ಇಲ್ಲ. ಕುಂಬಾರಕಟ್ಟೆಗೆ ಬಂದಾಗ ಊರೆಲ್ಲ ಅಲ್ಲಿಯೇ ಕುಳಿತಿತ್ತು. ಮೊದಲ ತೇಪೆಯ ಅಜ್ಜಿಯನ್ನೂ ಯಾರೋ ಎತ್ತಿಕೊಂಡು ಬಂದು ಕೂರಿಸಿದ್ದರು. ಅವಳು ನೀಲಿ ದಾರ ಹಿಡಿದಳು.

"ನೆರಳು ಬಂತೇ?"

ಉತ್ತರ ಕೊಡಬೇಕಾದವನು ಇರಲಿಲ್ಲ. ಅವನಿಲ್ಲದಿದ್ದರೆ ಅದೇ ಬಿಸಿಲನ್ನು ಕಂಡ ಇನ್ನೊಬ್ಬರು ಹೇಳಬೇಕು. ಕಂಡವರು ಇಬ್ಬರು, ಒಬ್ಬ ಹೊಲಿದವನು, ಅವನು ಹೇಳುವಂತಿಲ್ಲ. ಉಳಿದವಳು ಅವಳೇ. ಕೇಳಿದವಳೂ ಅವಳೇ.

ಇನ್ನೂ ಇಲ್ಲ ಎಂದರೆ ಸಾಕು. ಮುಂದಿನ ಗಾಳಿಯವರೆಗೆ ದಾರ ತೂಗುತ್ತದೆ, ಅದರ ಮುಂದಿನ ಗಾಳಿಯವರೆಗೂ. ಹೊಲಿದಾದ ಮೇಲೆ ಮಲಗಿ ನೋಡಿದವಳು ಅವಳೊಬ್ಬಳೇ. ಸುಳ್ಳೆಂದು ಯಾರು ಹೇಳಬಲ್ಲರು? ಕುಂಬಾರಕಟ್ಟೆಯ ಮೂಲೆ ಅವನ ಹೆಸರಿನಲ್ಲಿ ಖಾಲಿಯಾಗಿಯೇ ಇರುತ್ತದೆ, ನೀಲಿ ಬೆರಳಿನ ಮನುಷ್ಯ ಎಂದಾದರೂ ಬಂದರೆ ಬಂದು ಮಲಗಲು ಒಂದು ಜಾಗ. ಬಂತು ಎಂದರೆ ಅವನು ಈ ಊರಿನಲ್ಲಿ ಯಾರೂ ಅಲ್ಲ.

ಏಣಿಯವನು ಗುಂಪಿನ ಹಿಂದೆ ನಿಂತಿದ್ದ. ಕುತ್ತಿಗೆಯ ಚರ್ಮ ಸುಟ್ಟು ಕೆಂಪಗಾಗಿತ್ತು. ಅವಳ ಕಡೆ ನೋಡಲಿಲ್ಲ. ನೋಡಿದರೆ ಕೇಳಿದ ಹಾಗಾಗುತ್ತದೆ ಎಂದು ನೋಡಲಿಲ್ಲ. ಹೊಲಿದವನಿಗೆ ಸಿಗುವುದು ಎರಡು ಮಾತು, ಅದಕ್ಕಾಗಿ ಅವನು ಕಾಯುತ್ತ ನಿಂತಿದ್ದ. ಕಾಯುವುದು ಎಂದರೇನು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಯಾರಿದ್ದರು?

"ನೆರಳು ಬಂತು," ಎಂದಳು.

ದಾರ ಎಳೆದಳು. ಮುಳ್ಳಿನ ಸಮೇತ ಅದು ಅವಳ ಭುಜದ ಮೇಲೆ ಬಂದು ಬಿತ್ತು. ಅವಳು ಅದನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದಳು.

ಆಮೇಲೆ ಊರಿನಲ್ಲಿ ಕೆಲವು ಸಂಗತಿಗಳು ಬದಲಾದವು. ಜನ ದಾರಗಳನ್ನು ಉದ್ದ ಬಿಡತೊಡಗಿದರು. ಕೂತಲ್ಲಿ ಬೀಳುವ ಬಿಸಿಲಿಗೆ ಕೂತವರ ಕೈಯಷ್ಟು, ತೊಟ್ಟಿಲಲ್ಲಿ ಬೀಳುವ ಬಿಸಿಲಿಗೆ ಕೂಸಿನ ಕೈಯಷ್ಟು. ಹೊಲಿಯುವವರು ಬಂದರೆ ಮೊದಲು ಏಣಿಯನ್ನು ನೆಲಕ್ಕೆ ಮಲಗಿಸಿ, ಪಕ್ಕದಲ್ಲಿ ತಾವೂ ಮಲಗುತ್ತಿದ್ದರು. ನಡುಹಗಲಿನಲ್ಲಿ ಯಾರದೋ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಗಂಡಸರು ಅಂಗಾತ ಬಿದ್ದುಕೊಂಡಿರುವುದನ್ನು ನೋಡಿ ಮನೆಯೊಡತಿಯರು ದಾಟಿಕೊಂಡು ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಕಾಣದ ಗಂಟು ಹಾಕುವುದು ಜನರಿಗೆ ಮರೆತೇ ಹೋಯಿತು. ದಾರಗಳು ಇಳಿದವು; ಓಣಿಗಳಲ್ಲಿ ಎದುರಿನವರ ಮುಖ ಕಾಣತೊಡಗಿತು. ಆ ಗೃಹಸ್ಥನ ಅಂಗಳದ ಮೇಲೆ ಒಂದು ನವಿಲಿನ ತೇಪೆಯೂ ಬಂತು, ಸ್ವಲ್ಪ ಕೋಳಿಯ ಹಾಗಿತ್ತು.

ಮತ್ತೆ ಪಡುವಣ ಗಾಳಿ ಎದ್ದ ಒಂದು ಮಧ್ಯಾಹ್ನ ಏಣಿಯವನು ಕುಂಬಾರಕಟ್ಟೆಯ ಕಡೆ ಬಂದರೆ, ಮೂಲೆಯಲ್ಲಿ ಅದೇ ನೀಲಿ ದಾರ ತೂಗುತ್ತಿತ್ತು. ತನ್ನ ಹೊಲಿಗೆಯ ಪಕ್ಕದಲ್ಲೇ ಮುಳ್ಳು ಚುಚ್ಚಿತ್ತು; ತುದಿ ನೆಲ ಮುಟ್ಟಿತ್ತು. ಹಳೆಯ ಚಾಪೆ ಹಾಸಿತ್ತು. ದಾರದವಳು ಅದರ ಮೇಲೆ ಮಲಗಿ ಮೇಲೆ ನೋಡುತ್ತಿದ್ದಳು. ಅವಳು ತನ್ನ ಹೆಸರಿನಲ್ಲಿ ಕಟ್ಟಿದ ಮೊದಲ ದಾರ ಅದು, ಅದು ತೂಗುವವರೆಗೆ ಆ ಮೂಲೆ ಅವಳದು.

ಅವನು ಹತ್ತಿರ ಬಂದ. ಹೊಲಿಗೆ ಮತ್ತೆ ಬಿಟ್ಟಿತೇ ಎಂದು ಕೇಳಿದ. ಇಲ್ಲ, ಗಟ್ಟಿಯಾಗಿದೆ ಎಂದಳು.

"ಮತ್ತ ಏನು ಬೀಳ್ತೈತಿ ಇಲ್ಲಿ?"

"ಏನೂ ಬೀಳೂದಿಲ್ಲ," ಎಂದಳು ಅವಳು. "ಅದನ್ನ ಹೇಳಾಕ ಕಟ್ಟೀನಿ."

ಹಿಂದಿನ ಏಣಿಯವನಾಗಿದ್ದರೆ ಕೈ ಜಾಡಿಸಿಕೊಂಡು ನಡೆದುಬಿಡುತ್ತಿದ್ದ. ಇವನು ಏಣಿಯನ್ನು ನೆಲಕ್ಕೆ ಮಲಗಿಸಿದ. ಒಂದು ಚಾಪೆಯಷ್ಟು ಜಾಗ ಬಿಟ್ಟು, ಬರಿಯ ನೆಲದ ಮೇಲೆ ಮಲಗಿದ. ಗಾಳಿ ಬಂತು. ಕೌದಿ ಉಬ್ಬಿತು, ಇಳಿಯಿತು. ಇಬ್ಬರೂ ಹೊಲಿಗೆಯನ್ನು ನೋಡಿದರು. ಮತ್ತೆ ಗಾಳಿ ಬಂತು. ಹೊಲಿಗೆ ಹೊಲಿಗೆಯಾಗಿಯೇ ಇತ್ತು, ಅವಳ ಎಡಗಣ್ಣು ನೆರಳಿನಲ್ಲಿಯೇ ಇತ್ತು. ದೂರದಲ್ಲಿ ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಿಸಿದರು. ಅವನು ಅವಸರ ಮಾಡಲಿಲ್ಲ. ಗಾಳಿ ಪೂರ್ತಿ ನಿಲ್ಲುವವರೆಗೆ ನೋಡಿದ.

"ಹೌದು," ಎಂದ ಕೊನೆಗೆ. "ಬೀಳೂದಿಲ್ಲ."

ಎದ್ದು ಕುಳಿತು, ನೆಲ ಮುಟ್ಟಿದ ದಾರದ ತುದಿಯನ್ನು ಎತ್ತಿಕೊಂಡ. ಅವಳು ತಿರುಗಿ ನೋಡಲಿಲ್ಲ. ಅವನು ಹೋದ ಮೇಲೆ, ಮೇಲೆ ನೋಡುತ್ತಲೇ ಕೈ ಚಾಚಿ ದಾರವನ್ನು ತಡವಿದಳು. ಹಳೆಯ ಗಂಟುಗಳನ್ನು ದಾಟಿ ಬೆರಳು ಹೊಸದರ ಮೇಲೆ ಬಂದು ನಿಂತಿತು. ಸಡಿಲವಾಗಿತ್ತು, ಕುಣಿಕೆಯ ಹಾಗೆ. ಕಂಡ ಗಂಟು.